‘ತೂಕ ಇಳಿಸಿ’ ಎಂದು ಬರೆದುಕೊಡುವ ವೈದ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಫಿಸಿಯೋಥೆರಪಿಸ್ಟ್. ಮಂಡಿ ನೋವು, ಸೊಂಟ ನೋವು, ಬಿದ್ದು ಕೈ ಮುರಿದುಕೊಂಡವರು, ಆಪರೇಷನ್ ಆದಮೇಲೆ ನಡೆಯಲು ಹೆದರುವವರು ನನ್ನ ಬಳಿ ಬರುತ್ತಾರೆ. ಬರುವಾಗ ಕೈಯಲ್ಲೊಂದು ದಪ್ಪ ಫೈಲು ಇದ್ದೇ ಇರುತ್ತದೆ. ಎಕ್ಸ್‌ರೇ ಹುಡುಕುತ್ತ ಹಾಳೆ ತಿರುವಿದರೆ ನಡುವೆ ಎಲ್ಲೋ ಹಳೆಯ ಹೊಟ್ಟೆ ಸ್ಕ್ಯಾನಿಂಗ್ ವರದಿ ಸಿಗುತ್ತದೆ. ‘ಫ್ಯಾಟಿ ಲಿವರ್, ಗ್ರೇಡ್ 1’ ಅಥವಾ ‘ಗ್ರೇಡ್ 2’ (ಲಿವರ್‌ನಲ್ಲಿ ಕೊಬ್ಬು ತುಂಬಿದೆ ಎಂದು ಅರ್ಥ, ಗ್ರೇಡ್ ಏರಿದಷ್ಟೂ ಕೊಬ್ಬು ಹೆಚ್ಚು). ಅದಕ್ಕೆ ಪಿನ್ ಮಾಡಿದ ಚೀಟಿಯಲ್ಲಿ ನಿಮ್ಮ ಕೈಬರಹ: ‘ತೂಕ ಇಳಿಸಿ’.

ಎರಡೇ ಪದ. ಅವು ತಪ್ಪಲ್ಲ. ಆದರೆ ಯಾವ ತೂಕ ಅಂತ ನೀವು ಬರೆಯಲಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ಕಳೆದ ವರ್ಷ ಬಂದ ಒಬ್ಬರ ವಿಷಯ ಹೇಳುತ್ತೇನೆ. ವಯಸ್ಸು 58. ದಿನವಿಡೀ ಕುರ್ಚಿಯಲ್ಲಿ ಕೂತು ಲೆಕ್ಕಪತ್ರ ನೋಡುವ ಕೆಲಸ. ಸ್ಕ್ಯಾನಿಂಗ್‌ನಲ್ಲಿ ಗ್ರೇಡ್ 2 ಬಂದಾಗ ‘ಹತ್ತು ಕೆಜಿ ಇಳಿಸಿ, ತಾನಾಗಿ ಸರಿಹೋಗುತ್ತದೆ’ ಅಂದರಂತೆ. ಮನುಷ್ಯ ಶಿಸ್ತಿನವರು, ಹೇಳಿದ್ದನ್ನು ಅಕ್ಷರಶಃ ಪಾಲಿಸಿದರು. ರಾತ್ರಿ ಊಟ ಬಿಟ್ಟರು, ಮಧ್ಯಾಹ್ನದ್ದು ಅರ್ಧ ಮಾಡಿದರು, ಬೆಳಗ್ಗೆ ಒಂದು ಗಂಟೆ ನಡೆದರು. ಎಂಟು ತಿಂಗಳಲ್ಲಿ 78 ಕೆಜಿ ಇದ್ದವರು 69ಕ್ಕೆ ಬಂದರು. ಎರಡನೇ ಸ್ಕ್ಯಾನಿಂಗ್‌ನಲ್ಲಿ ಗ್ರೇಡ್ 1. ಆ ವರದಿಯ ಮೇಲೆ ಯಾರೋ ಕೆಂಪು ಶಾಯಿಯಲ್ಲಿ ದೊಡ್ಡದೊಂದು ಟಿಕ್ ಹಾಕಿದ್ದರು.

ನನ್ನ ಬಳಿ ಬಂದ ಕಾರಣ ಬೇರೆ. ಮಂಚದ ಕೆಳಗೆ ಉರುಳಿದ ಮಾತ್ರೆ ಡಬ್ಬಿ ತೆಗೆಯಲು ನೆಲಕ್ಕೆ ಕೂತವರಿಗೆ ಏಳಲು ಆಗಲಿಲ್ಲ. ಮಂಚದ ಕಾಲು ಹಿಡಿದು ಎಳೆದುಕೊಂಡು, ಮಂಡಿ ಊರಿ, ಮಗನನ್ನು ಕೂಗಿ ಎದ್ದರು. ‘ಮಂಡಿ ಸವೆದಿರಬೇಕು’ ಅಂತ ಅವರೇ ತೀರ್ಮಾನಿಸಿಕೊಂಡು ಬಂದಿದ್ದರು. ಮಂಡಿಯ ಎಕ್ಸ್‌ರೇಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ.

ಕೈಯಿಲ್ಲದ ಕುರ್ಚಿಯಲ್ಲಿ ಕೂರಿಸಿದೆ. ಎರಡೂ ಕೈ ಎದೆಯ ಮೇಲೆ ಕಟ್ಟಿಕೊಳ್ಳಿ, ನೆಟ್ಟಗೆ ಎದ್ದು ನಿಲ್ಲಿ, ಮತ್ತೆ ಕೂತುಕೊಳ್ಳಿ, ಹೀಗೆ ಐದು ಸಲ ಅಂದೆ. ಮೊದಲ ಸಲ ಎದ್ದರು. ಎರಡನೇ ಸಲ ಏಳುವ ಮುಂಚೆ ಬೆನ್ನು ಮುಂದಕ್ಕೆ ಬಾಗಿಸಿ, ತಲೆಯನ್ನು ಜೋರಾಗಿ ತೂಗಿ, ಆ ಓಘದಲ್ಲಿ ಎದ್ದರು. ಮೂರನೆಯದಕ್ಕೆ ಪಾದ ಹಿಂದಕ್ಕೆ ಜಾರಿಸಿಕೊಂಡರು. ನಾಲ್ಕನೆಯದರಲ್ಲಿ ತೊಡೆ ನಡುಗುತ್ತಿದ್ದುದು ಪ್ಯಾಂಟಿನ ಮೇಲಿಂದಲೇ ಕಾಣುತ್ತಿತ್ತು. ಐದನೆಯದಕ್ಕೆ ಎದೆ ಮೇಲಿದ್ದ ಕೈ ಅವರಿಗೇ ಗೊತ್ತಿಲ್ಲದಂತೆ ಕೆಳಗಿಳಿದು ಮಂಡಿಯನ್ನು ಒತ್ತಿತು. ಗಡಿಯಾರ 19 ಸೆಕೆಂಡ್ ತೋರಿಸುತ್ತಿತ್ತು. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಹಾಕಿದ ಗೆರೆ 12 ಸೆಕೆಂಡ್. ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಸ್ನಾಯು ಸೊರಗಿದೆಯೇ ಅಂತ ನೋಡಬೇಕು. ಹಿಡಿತದ ಬಲ ಅಳೆಯುವ ಡೈನಮೋಮೀಟರ್ ಕೊಟ್ಟೆ. 21 ಕೆಜಿ ಬಂತು. ಗಂಡಸರಿಗೆ 28ಕ್ಕಿಂತ ಕಡಿಮೆ, ಹೆಂಗಸರಿಗೆ 18ಕ್ಕಿಂತ ಕಡಿಮೆ ಬಂದರೆ ಬಲ ಸಾಲದು ಎಂದೇ ಲೆಕ್ಕ.

ಪ್ಯಾಂಟು ತೊಡೆಯ ಬಳಿ ಚೀಲದ ಹಾಗೆ ಜೋತಾಡುತ್ತಿತ್ತು. ಸೊಂಟದ ಬಳಿ ಬೆಲ್ಟು ಮಾತ್ರ ಒಂದೇ ರಂಧ್ರ ಒಳಗೆ ಹೋಗಿತ್ತು. ಒಂಬತ್ತು ಕೆಜಿ ಎಲ್ಲೆಲ್ಲಿಂದ ಹೋಯಿತು ಅನ್ನುವುದನ್ನು ತಕ್ಕಡಿಗಿಂತ ಚೆನ್ನಾಗಿ ಆ ಪ್ಯಾಂಟೇ ಹೇಳುತ್ತಿತ್ತು.

ಅವರ ಲಿವರ್ ಸುಧಾರಿಸಿದ್ದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ದೇಹದ ತೂಕದಲ್ಲಿ ಶೇ 3ರಿಂದ 5ರಷ್ಟು ಇಳಿದರೂ ಲಿವರ್‌ನ ಕೊಬ್ಬು ಕರಗತೊಡಗುತ್ತದೆ, ಶೇ 7ರಿಂದ 10ರಷ್ಟು ಇಳಿದರೆ ಉರಿಯೂತ ತಗ್ಗುತ್ತದೆ, ಶೇ 10 ದಾಟಿದರೆ ಲಿವರ್ ಗಾಯದ ಕಲೆಯಂತೆ ನಾರುಗಟ್ಟಿದ್ದೂ ಹಿಮ್ಮೆಟ್ಟುವ ಸಾಧ್ಯತೆ ಇದೆ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಬರಿಯ ಊಟ ಕಡಿಮೆ ಮಾಡಿ ಇಳಿಸಿದ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬಲ್ಲದ ಭಾಗದಿಂದಲೇ ಹೋಗುತ್ತದೆ ಎಂಬುದೂ ಹಳೆಯ ಲೆಕ್ಕವೇ. ಒಂಬತ್ತು ಕೆಜಿಗೆ ಅದು ಎರಡು ಕೆಜಿಗೂ ಮಿಕ್ಕಿ. ಅದರಲ್ಲಿ ನೀರಿನಂಶವೂ ಇರುತ್ತದೆ, ಎಲ್ಲವೂ ಮಾಂಸಖಂಡವಲ್ಲ, ಒಪ್ಪುತ್ತೇನೆ. ಆದರೂ 58ರ ವಯಸ್ಸಿನಲ್ಲಿ, ಮೊದಲೇ ಕುರ್ಚಿಯಲ್ಲಿ ಕರಗಿದ ತೊಡೆಗೆ ಅದು ಸಣ್ಣ ನಷ್ಟವಲ್ಲ. 30 ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇ 3ರಿಂದ 8ರಷ್ಟು ಸ್ನಾಯು ಹೇಗೂ ಸದ್ದಿಲ್ಲದೆ ಕಳೆದುಹೋಗುತ್ತಿರುತ್ತದೆ. ಅವರು ಎಂಟು ತಿಂಗಳಲ್ಲಿ ಆ ಕೆಲಸವನ್ನು ಕೈಯಾರೆ ಬೇಗ ಮುಗಿಸಿಕೊಂಡಿದ್ದರು.

ಇಲ್ಲಿಗೆ ‘ಲಿವರ್ ನಮ್ಮದು, ಸ್ನಾಯು ನಿಮ್ಮದು, ನೀವು ನೋಡಿಕೊಳ್ಳಿ’ ಎಂದು ಬಿಟ್ಟುಬಿಡಬಹುದಿತ್ತು. ಹಾಗೆ ಬಿಡುವಂತಿಲ್ಲ. ಸ್ನಾಯು ಸೊರಗಿದರೆ ಲಿವರ್‌ಗೆ ಮತ್ತೆ ಕೊಬ್ಬು ತುಂಬುವ ದಾರಿ ಸಲೀಸಾಗುತ್ತದೆ. ನನ್ನ ತಕರಾರಿನ ತಿರುಳು ಇದು.

ಊಟವಾದ ಮೇಲೆ ರಕ್ತಕ್ಕೆ ಬಂದ ಗ್ಲೂಕೋಸ್ ಎಲ್ಲಿಗಾದರೂ ಹೋಗಲೇಬೇಕಲ್ಲ. ಇನ್ಸುಲಿನ್ ‘ಒಳಗೆ ತೆಗೆದುಕೊಳ್ಳಿ’ ಎಂದಾಗ ಅದರ ಬಹುಪಾಲು, ಪ್ರಯೋಗಾಲಯದ ಅಳತೆಗಳಲ್ಲಿ ಶೇ 70–80ರಷ್ಟು, ಸೇರುವುದು ಸ್ನಾಯುವಿಗೆ. ದೇಹದ ದೊಡ್ಡ ಉಗ್ರಾಣ ಅದು. ಅಲ್ಲಿ ಅದು ಗ್ಲೈಕೋಜೆನ್ ಆಗಿ, ಅಂದರೆ ಕೂಡಿಟ್ಟ ಸಕ್ಕರೆಯಾಗಿ ಕೂರುತ್ತದೆ, ಎದ್ದಾಗ ನಡೆದಾಗ ಖರ್ಚಾಗುತ್ತದೆ. ಉಗ್ರಾಣ ಚಿಕ್ಕದಾದರೆ, ಅಥವಾ ಉಗ್ರಾಣ ದೊಡ್ಡದಿದ್ದೂ ಬಾಗಿಲು ತುಕ್ಕು ಹಿಡಿದಿದ್ದರೆ, ಬಂದ ಸರಕು ಬೇರೆ ಕಡೆ ಇಳಿಯುತ್ತದೆ. ಲಿವರ್ ಬಾಗಿಲು ಹಾಕುವ ಜಾಯಮಾನದ್ದಲ್ಲ. ಒಂದಷ್ಟನ್ನು ತಾನೂ ಗ್ಲೈಕೋಜೆನ್ ಮಾಡಿಟ್ಟುಕೊಳ್ಳುತ್ತದೆ, ಮಿಕ್ಕಿದ್ದನ್ನು ಕೊಬ್ಬಾಗಿ ಮಾರ್ಪಡಿಸುತ್ತದೆ.

ಇದು ಬರಿಯ ಊಹೆಯಲ್ಲ. 2007ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ತಂಡ ತೆಳ್ಳಗಿನ ಯುವಕರನ್ನೇ ಆರಿಸಿಕೊಂಡು ನೋಡಿತು. ಯಾರಿಗೂ ಬೊಜ್ಜಿಲ್ಲ, ಸಕ್ಕರೆ ಕಾಯಿಲೆ ಇಲ್ಲ. ಒಂದು ಗುಂಪಿನವರ ಸ್ನಾಯು ಮಾತ್ರ ಇನ್ಸುಲಿನ್‌ಗೆ ಸರಿಯಾಗಿ ಓಗೊಡುತ್ತಿರಲಿಲ್ಲ. ಎರಡೂ ಗುಂಪಿಗೆ ಪಿಷ್ಟ ಸಕ್ಕರೆ ಹೆಚ್ಚಿರುವ ಒಂದೇ ಬಗೆಯ ಊಟ ಕೊಟ್ಟರು. ಓಗೊಡದ ಗುಂಪಿನವರ ಸ್ನಾಯುವಿನಲ್ಲಿ ಗ್ಲೈಕೋಜೆನ್ ಕೂಡಿಕೆ ಶೇ 60ರಷ್ಟು ಕಡಿಮೆ ಇತ್ತು, ಲಿವರ್‌ನಲ್ಲಿ ಹೊಸ ಕೊಬ್ಬಿನ ತಯಾರಿ ಎರಡು ಪಟ್ಟಿಗೂ ಹೆಚ್ಚಿತ್ತು. ಅದೇ ತಂಡ 2011ರಲ್ಲಿ ಅಂಥವರನ್ನೇ ಊಟಕ್ಕೆ ಮುಂಚೆ ಒಂದೇ ಒಂದು ಸಲ, 45 ನಿಮಿಷ, ಬೆವರು ಬರುವಂತೆ ವ್ಯಾಯಾಮ ಮಾಡಿಸಿತು. ಸ್ನಾಯು ಗ್ಲೂಕೋಸನ್ನು ಎಳೆದುಕೊಂಡಿತು, ಲಿವರ್‌ನ ಕೊಬ್ಬಿನ ತಯಾರಿ ಸುಮಾರು ಶೇ 30ರಷ್ಟು ಇಳಿಯಿತು. ಒಂದು ದಿನದಲ್ಲಿ ಯಾರ ತೂಕವೂ ಇಳಿಯುವುದಿಲ್ಲ ಎನ್ನುವುದನ್ನು ಇಲ್ಲಿ ಗಮನಿಸಬೇಕು. ಬಾಗಿಲಿನ ತುಕ್ಕು ಒರೆಸಿದ್ದಕ್ಕೇ ಅಷ್ಟು ವ್ಯತ್ಯಾಸ.

ಲಿವರ್‌ನಲ್ಲಿ ಕೂರುವ ಕೊಬ್ಬಿನ ಹೆಚ್ಚಿನ ಪಾಲು ಹೀಗೆ ಹೊಸದಾಗಿ ತಯಾರಾದದ್ದಲ್ಲ, ಹೊಟ್ಟೆಯ ಕೊಬ್ಬಿನಿಂದ ಕರಗಿ ರಕ್ತದಲ್ಲಿ ತೇಲಿ ಬಂದದ್ದು ಎಂದು ನೀವು ನೆನಪಿಸಬಹುದು. ಸರಿಯೇ. ಹಾಗೆ ತೇಲಿ ಬಂದ ಕೊಬ್ಬನ್ನು ಉರಿಸಿ ಮುಗಿಸುವ ದೊಡ್ಡ ಒಲೆಗಳಲ್ಲೂ ಸ್ನಾಯುವೇ ಒಂದು. ದುಡಿಯುವ ಸ್ನಾಯು ಸುಮ್ಮನೆ ಎಳೆಯುವ ಹಗ್ಗವಲ್ಲ, ರಕ್ತಕ್ಕೆ ತನ್ನದೇ ಸಂದೇಶಗಳನ್ನೂ ಕಳಿಸುತ್ತದೆ. ಅವುಗಳಿಗೆ ಮಯೋಕೈನ್ ಎಂದು ಹೆಸರಿಟ್ಟಿದ್ದಾರೆ. ಕೆಲವು ಕೊಬ್ಬನ್ನು ಕರಗಿಸಲು ನೆರವಾಗುತ್ತವೆ. ಮಯೋಸ್ಟ್ಯಾಟಿನ್ ಎಂಬ ಇನ್ನೊಂದು ಸ್ನಾಯುವಿನ ಬೆಳವಣಿಗೆಗೇ ಕಡಿವಾಣ ಹಾಕುತ್ತದೆ, ಲಿವರ್‌ನಲ್ಲಿ ನಾರು ಕಟ್ಟುವ ಕೋಶಗಳನ್ನೂ ಕೆಣಕುತ್ತದೆ. ಆ ಕಡೆಯಿಂದಲೂ ಪೆಟ್ಟು ಇದೆ: ಕಾಯಿಲೆಬಿದ್ದ ಲಿವರ್ ಸ್ನಾಯುವನ್ನು ಬೆಳೆಸುವ ಐಜಿಎಫ್-1 ಹಾರ್ಮೋನನ್ನು ಕಡಿಮೆ ತಯಾರಿಸುತ್ತದೆ, ಅದರ ಉರಿಯೂತ ದೇಹಕ್ಕೆಲ್ಲ ಹಬ್ಬಿ ಸ್ನಾಯುವಿನ ಪ್ರೊಟೀನನ್ನು ಸವೆಸುತ್ತದೆ. ಯಾರು ಮೊದಲು ಕೆಡಿಸಿದರು ಅಂತ ಪಂಚಾಯಿತಿ ಮಾಡುವುದರಲ್ಲಿ ಅರ್ಥವಿಲ್ಲ. ಒಂದು ಕುಸಿದರೆ ಇನ್ನೊಂದನ್ನೂ ಎಳೆದುಕೊಂಡೇ ಕುಸಿಯುತ್ತದೆ.

ದಕ್ಷಿಣ ಕೊರಿಯಾದವರು ಈ ವಿಷಯದ ಬೆನ್ನು ಹತ್ತಿದಷ್ಟು ಬೇರೆ ಯಾರೂ ಹತ್ತಿದ ಹಾಗೆ ನನಗೆ ಕಾಣುವುದಿಲ್ಲ. 2017ರಲ್ಲಿ ಅಲ್ಲಿನವರು ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಲಿವರ್‌ನ ಚೂರು ತೆಗೆದು ಪರೀಕ್ಷಿಸಿಯೇ ಗುಂಪು ಮಾಡಿದ್ದರು. ಫ್ಯಾಟಿ ಲಿವರ್ ಇಲ್ಲದವರಲ್ಲಿ ಸ್ನಾಯು ಸೊರಗಿದ್ದವರು ಶೇ 8.7. ಬರಿಯ ಕೊಬ್ಬು ಇದ್ದವರಲ್ಲಿ ಶೇ 17.9. ಕೊಬ್ಬಿನ ಜೊತೆಗೆ ಉರಿಯೂತವೂ ಸೇರಿದವರಲ್ಲಿ ಶೇ 35. ಪ್ರತಿ ಮೆಟ್ಟಿಲಿಗೂ ಹೆಚ್ಚುಕಡಿಮೆ ದುಪ್ಪಟ್ಟು. ಮಾರನೇ ವರ್ಷ ಬಂದ ಇನ್ನೊಂದು ಅಧ್ಯಯನ 12,000ಕ್ಕೂ ಹೆಚ್ಚು ಜನರನ್ನು ಏಳು ವರ್ಷ ಹಿಂಬಾಲಿಸಿತ್ತು. ಸ್ನಾಯು ಹೆಚ್ಚಿದ್ದವರಲ್ಲಿ ಹೊಸದಾಗಿ ಫ್ಯಾಟಿ ಲಿವರ್ ಬರುವುದು ಕಡಿಮೆ. ಮೊದಲೇ ಫ್ಯಾಟಿ ಲಿವರ್ ಇದ್ದ ಇನ್ನೊಂದು ಗುಂಪಿನಲ್ಲೂ ಸ್ನಾಯು ಹೆಚ್ಚಿದ್ದವರಿಗೆ ಅದು ವಾಸಿಯಾಗುವುದು ಹೆಚ್ಚು. ಒಂದು ವರ್ಷದಲ್ಲಿ ಸ್ನಾಯು ಬೆಳೆಸಿಕೊಂಡವರಿಗೂ ಅದೇ ಲಾಭ.

ಇದರಲ್ಲಿ ಒಂದು ತೊಡಕಿದೆ, ನಿಮ್ಮಲ್ಲಿ ಚುರುಕಾದವರು ಅದನ್ನು ಈಗಾಗಲೇ ಎತ್ತಿರುತ್ತೀರಿ. ಈ ಅಧ್ಯಯನಗಳಲ್ಲಿ ಹೆಚ್ಚಿನವು ಸ್ನಾಯುವನ್ನು ದೇಹದ ತೂಕಕ್ಕೆ ಭಾಗಿಸಿ ನೋಡುತ್ತವೆ. ಎತ್ತರದ ವರ್ಗಕ್ಕೆ (ಎತ್ತರವನ್ನು ಎತ್ತರದಿಂದಲೇ ಗುಣಿಸಿದ್ದಕ್ಕೆ) ಭಾಗಿಸಿದರೆ ಚಿತ್ರ ಮಸುಕಾಗುತ್ತದೆ, ಕೆಲವು ಕಡೆ ತಿರುವುಮುರುವೂ ಆಗುತ್ತದೆ. ದಪ್ಪಗಿರುವವರು ಆ ಭಾರವನ್ನೇ ಹೊತ್ತು ತಿರುಗುವುದರಿಂದ ಅವರ ಸ್ನಾಯುವಿನ ಒಟ್ಟು ಮೊತ್ತ ಜಾಸ್ತಿಯೇ ಇರುತ್ತದೆ. ಹೀಗಾಗಿ ‘ಸ್ನಾಯು ಕಡಿಮೆ’ ಅನ್ನುವುದರ ಅರ್ಥ ಎಷ್ಟೋ ಸಲ ‘ಹೊರುವ ಭಾರಕ್ಕೆ ಹೋಲಿಸಿದರೆ ಕಡಿಮೆ’ ಎಂದು. ಇದನ್ನು ಹಿಡಿದು ಇಡೀ ವಿಷಯವನ್ನೇ ತಳ್ಳಿಹಾಕುವವರನ್ನು ಕಂಡಿದ್ದೇನೆ. ನನಗೆ ಅದು ಸರಿ ಕಾಣುವುದಿಲ್ಲ. ಅದಕ್ಕೇ ಸ್ನಾಯುವಿನ ಮೊತ್ತಕ್ಕಿಂತ ಅದರ ಬಲವನ್ನು ಮೊದಲು ನೋಡಿ ಎಂದು ಯುರೋಪಿನ ತಜ್ಞರ ಗುಂಪೂ ತನ್ನ ಪರಿಷ್ಕೃತ ವ್ಯಾಖ್ಯೆಯಲ್ಲಿ ಹೇಳಿದ್ದು. ದಪ್ಪ ತೊಡೆಯೊಳಗೆ ಕೊಬ್ಬಿನ ಎಳೆ ಸೇರಿಕೊಂಡಿದ್ದರೆ ಟೇಪು ಹಿಡಿದು ಅಳೆದವರಿಗೆ ಏನೂ ಗೊತ್ತಾಗುವುದಿಲ್ಲ. ಕುರ್ಚಿಯಿಂದ ಏಳಲು ಹೇಳಿದರೆ ಗೊತ್ತಾಗುತ್ತದೆ.

ಹೀಗೆ ಸ್ನಾಯು ಸೊರಗುವುದಕ್ಕೆ ಸಾರ್ಕೋಪೀನಿಯಾ ಎಂಬ ಹೆಸರು ಹುಟ್ಟಿದ್ದು 1980ರ ದಶಕದ ಕೊನೆಗೆ. ಇರ್ವಿನ್ ರೋಸೆನ್‌ಬರ್ಗ್ ಎಂಬ ಪೋಷಣಾ ತಜ್ಞ ಗ್ರೀಕ್ ಭಾಷೆಯ ಎರಡು ಪದ ಜೋಡಿಸಿ ಇಟ್ಟ ಹೆಸರು. ಮಾಂಸದ ಬಡತನ ಎಂದು ಅರ್ಥ. ವಯಸ್ಸಾದಂತೆ ಆಗುವ ಈ ಸವಕಳಿಯನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಹೆಸರಿಟ್ಟರೆ ತೆಗೆದುಕೊಂಡಾರು ಎಂಬುದು ಅವರ ಆಸೆ. ಅಮೆರಿಕದ ರೋಗಪಟ್ಟಿಯಲ್ಲಿ ಅದಕ್ಕೆ ಸ್ವಂತದ ಸಂಕೇತ ಸಿಕ್ಕಿದ್ದೇ 2016ರಲ್ಲಿ. ನಿಮ್ಮ ಕಡೆಯೂ ಹೆಸರಿನ ಗದ್ದಲ ಕಡಿಮೆಯೇನಿರಲಿಲ್ಲ. 2023ರಲ್ಲಿ ಜಗತ್ತಿನ ಲಿವರ್ ತಜ್ಞರ ಸಂಘಗಳು ಸೇರಿ ಫ್ಯಾಟಿ ಲಿವರ್‌ನ ಶಾಸ್ತ್ರೀಯ ಹೆಸರನ್ನೇ ಬದಲಿಸಿದವು. ‘ಮದ್ಯದಿಂದ ಬಂದದ್ದಲ್ಲ’ ಎಂದು ಹೇಳುತ್ತಿದ್ದ ಹೆಸರು ಹೋಗಿ ‘ಚಯಾಪಚಯದ ಏರುಪೇರಿಗೆ ಸೇರಿದ್ದು’ ಎಂಬ ಹೆಸರು ಬಂತು. ಒಳ್ಳೆಯ ಬದಲಾವಣೆ. ಅದರ ಜೊತೆ ಐದು ಗುರುತುಗಳ ಪಟ್ಟಿಯೂ ಬಂತು: ತೂಕ ಅಥವಾ ಸೊಂಟದ ಸುತ್ತಳತೆ, ರಕ್ತದ ಸಕ್ಕರೆ, ರಕ್ತದೊತ್ತಡ, ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು, ಎಚ್‌ಡಿಎಲ್ ಎಂಬ ‘ಒಳ್ಳೆಯ’ ಕೊಲೆಸ್ಟರಾಲ್. ಚಯಾಪಚಯದ ದೊಡ್ಡ ಉಗ್ರಾಣವಾದ ಸ್ನಾಯು ಈ ಐದರಲ್ಲಿ ಎಲ್ಲೂ ಇಲ್ಲ. ಆ ಪಟ್ಟಿ ಓದಿದಾಗ ನನಗೆ ಮದುವೆ ಮನೆಯಲ್ಲಿ ಮದುಮಗನನ್ನೇ ಕರೆಯಲು ಮರೆತ ಹಾಗೆ ಅನ್ನಿಸಿತು.

ಪಟ್ಟಿಯಲ್ಲಿ ಇಲ್ಲದ್ದು ಚೀಟಿಯಲ್ಲೂ ಬರುವುದಿಲ್ಲ. ಪರಿಣಾಮ ಎರಡು ಕಡೆ ಕಾಣುತ್ತಿದೆ.

ಒಂದು, ತೆಳ್ಳಗಿರುವವರ ಕಡೆ. ತಕ್ಕಡಿಯಲ್ಲಿ ಅವರ ತೂಕ ಸರಿಯಿರುತ್ತದೆ, ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಸ್ವಲ್ಪ ಮುಂದೆ. ‘ನೀವು ತೆಳ್ಳಗಿದ್ದೀರಿ, ಚಿಂತೆ ಬೇಡ’ ಎಂದು ಕಳಿಸುತ್ತೀರಿ. ಅಥವಾ ಇನ್ನೂ ಕೆಟ್ಟದ್ದು, ಅವರಿಗೂ ‘ತೂಕ ಇಳಿಸಿ’ ಎಂದೇ ಬರೆಯುತ್ತೀರಿ. 56 ಕೆಜಿ ಇರುವ ಒಬ್ಬ ಹೆಣ್ಣುಮಗಳು ಆ ಚೀಟಿ ಹಿಡಿದು ಬಂದು ‘ಎಲ್ಲಿಂದ ಇಳಿಸಲಿ ಹೇಳಿ’ ಎಂದು ಕೇಳಿದ್ದಳು. ಅವಳು ಇಳಿಸಬೇಕಾಗಿರಲಿಲ್ಲ. ಕಾಲಿಗೆ, ಬೆನ್ನಿಗೆ ಒಂದೆರಡು ಕೆಜಿ ಸೇರಿಸಿಕೊಳ್ಳಬೇಕಾಗಿತ್ತು.

ಇನ್ನೊಂದು, ಹೊಸ ಔಷಧಿಗಳ ಕಡೆ. ಉರಿಯೂತವೂ ನಾರುಗಟ್ಟುವಿಕೆಯೂ ಇರುವ ಫ್ಯಾಟಿ ಲಿವರ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಮಾರ್ಚ್‌ನಲ್ಲಿ ರೆಸ್ಮೆಟಿರಾಮ್ ಗುಳಿಗೆಗೂ 2025ರ ಆಗಸ್ಟ್‌ನಲ್ಲಿ ಸೆಮಾಗ್ಲೂಟೈಡ್ ಚುಚ್ಚುಮದ್ದಿಗೂ ಒಪ್ಪಿಗೆ ಕೊಟ್ಟಿದೆ. ಎರಡನೆಯದು ಹಸಿವನ್ನೇ ತಗ್ಗಿಸಿ ತೂಕ ಇಳಿಸುವ ಔಷಧಿ. ಅದನ್ನು ಬೈಯಲು ನಾನು ಕೂತಿಲ್ಲ. ಇಷ್ಟು ಕೆಲಸ ಮಾಡುವ ಔಷಧಿ ಈ ಕಾಯಿಲೆಗೆ ಈವರೆಗೆ ಇರಲೇ ಇಲ್ಲ. ಆದರೆ ಅದರ ಪ್ರಯೋಗಗಳಲ್ಲಿ ದೇಹದ ಅಂಶಗಳನ್ನು ಅಳೆದ ಕಡೆ ಇಳಿದ ತೂಕದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಕೊಬ್ಬಲ್ಲದ ಭಾಗ ಕಂಡದ್ದುಂಟು. ಹಸಿವಿಲ್ಲದವನು ಮೊದಲು ಬಿಡುವುದು ಜಗಿದು ತಿನ್ನಬೇಕಾದದ್ದನ್ನು, ಅಂದರೆ ಬಹಳ ಸಲ ಪ್ರೊಟೀನನ್ನೇ. ಚುಚ್ಚುಮದ್ದು ಬರೆಯುವ ಪೆನ್ನು ಅದರ ಕೆಳಗಿನ ಸಾಲಿನಲ್ಲಿ ವ್ಯಾಯಾಮವನ್ನೂ ಪ್ರೊಟೀನನ್ನೂ ಬರೆಯದೆ ಎದ್ದುಬಿಟ್ಟರೆ, ಕೆಲವು ವರ್ಷಗಳಲ್ಲಿ ನನ್ನ ಬಾಗಿಲಲ್ಲಿ ಸಾಲು ಉದ್ದವಾಗುತ್ತದೆ. ನನ್ನ ಸಂಪಾದನೆಗೆ ಒಳ್ಳೆಯದೇ. ಆದರೂ ಬೇಡ ಅನ್ನುತ್ತಿದ್ದೇನೆ.

ಕಾಯಿಲೆ ಸಿರೋಸಿಸ್‌ವರೆಗೆ, ಅಂದರೆ ಲಿವರ್ ಪೂರ್ತಿ ನಾರುಗಟ್ಟುವವರೆಗೆ ಹೋದವರ ಸ್ಥಿತಿ ಇನ್ನೂ ಸೂಕ್ಷ್ಮ. ಲಿವರ್ ಶುದ್ಧಿ ಮಾಡಲಾಗದೆ ಬಿಟ್ಟ ಅಮೋನಿಯಾವನ್ನು ಹಿಡಿದು ಗ್ಲುಟಮಿನ್ ಮಾಡಿ ಪಾರುಗಾಣಿಸುವುದು ಸ್ನಾಯು. ಅದೂ ಕೈಕೊಟ್ಟರೆ ಅಮೋನಿಯಾ ತಲೆಗೇರಿ ಮಂಪರು ಕವಿಯುತ್ತದೆ. ಅಂಥವರಿಗೆ ‘ಪ್ರೊಟೀನ್ ಮುಟ್ಟಬೇಡಿ’ ಎಂದು ಹೇಳುವ ಹಳೆಯ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ನನ್ನ ಬಳಿ ಬಂದ ಒಬ್ಬರ ಡಿಸ್ಚಾರ್ಜ್ ಹಾಳೆಯಲ್ಲಿ ಆ ಸಾಲಿಗೆ ಎರಡೆರಡು ಅಡಿಗೆರೆ ಇತ್ತು. ಯುರೋಪಿನ ಲಿವರ್ ತಜ್ಞರ ಸಂಘದ 2019ರ ಮಾರ್ಗಸೂಚಿ ಹೇಳುವುದು ನೇರ ತದ್ವಿರುದ್ಧ: ದೇಹದ ತೂಕದ ಪ್ರತಿ ಕೆಜಿಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೊಟೀನ್ ಬೇಕು, ರಾತ್ರಿ ಮಲಗುವ ಮುಂಚೆ ಏನಾದರೂ ತಿಂದೇ ಮಲಗಬೇಕು. ಉಪವಾಸದ ರಾತ್ರಿ ಉದ್ದವಾದಷ್ಟೂ ಸೋತ ಲಿವರ್ ಸ್ನಾಯುವನ್ನು ಕರಗಿಸಿ ಸಕ್ಕರೆ ಮಾಡಿಕೊಳ್ಳುತ್ತದೆ. ಆ ಅಡಿಗೆರೆಯನ್ನು ಅಳಿಸುವ ಅಧಿಕಾರ ನನಗಿಲ್ಲ, ನಿಮಗಿದೆ.

ನನಗೆ ಎಲ್ಲಕ್ಕಿಂತ ಸಿಟ್ಟು ಬರಿಸಿದ್ದು ಇನ್ನೊಂದು ಪ್ರಸಂಗ. ಫ್ಯಾಟಿ ಲಿವರ್ ಇದ್ದ ಒಬ್ಬರಿಗೆ ನಾನು ತೂಕ ಎತ್ತುವ ವ್ಯಾಯಾಮ ಶುರು ಮಾಡಿಸಿದ್ದೆ. ಮೊದಲ ವಾರವೇ ಅವರ ರಕ್ತಪರೀಕ್ಷೆ ಇತ್ತು. ಲಿವರ್ ಕೆಟ್ಟಿದೆಯೇ ಎಂದು ತಿಳಿಯಲು ನೋಡುವ ಕಿಣ್ವಗಳಾದ ಎಸ್‌ಜಿಒಟಿ, ಎಸ್‌ಜಿಪಿಟಿ ಎರಡೂ ಏರಿದ್ದವು. ‘ವ್ಯಾಯಾಮದಿಂದ ಲಿವರ್ ಕೆಟ್ಟಿದೆ, ತಕ್ಷಣ ನಿಲ್ಲಿಸಿ’ ಎಂದು ಬರೆದು ಕಳಿಸಿದರು. ಆ ಕಿಣ್ವಗಳು ಸ್ನಾಯುವಿನಲ್ಲೂ ಇರುತ್ತವೆ. ರೂಢಿಯಿಲ್ಲದವರು ಭಾರ ಎತ್ತಿದಾಗ ಸ್ನಾಯುವಿನಿಂದ ಸೋರಿ ರಕ್ತಕ್ಕೆ ಬರುತ್ತವೆ. ಪೂರ್ತಿ ಆರೋಗ್ಯವಂತ ಗಂಡಸರಿಗೆ ಒಂದು ಗಂಟೆ ತೂಕ ಎತ್ತಿಸಿ ನೋಡಿದ ಅಧ್ಯಯನವೊಂದರಲ್ಲಿ ಏಳು ದಿನ ಕಳೆದರೂ ಅವು ಮೊದಲಿನ ಮಟ್ಟಕ್ಕೆ ಇಳಿದಿರಲಿಲ್ಲ. ಸಿಕೆ ಎಂಬ ಸ್ನಾಯುವಿನ ಕಿಣ್ವವನ್ನು ಜೊತೆಗೆ ಪರೀಕ್ಷಿಸಿದ್ದರೆ, ಲಿವರ್‌ಗೆ ಹೆಚ್ಚು ಹತ್ತಿರದ ಜಿಜಿಟಿ ಏರಿಲ್ಲ ಎಂದು ನೋಡಿದ್ದರೆ, ಅಥವಾ ‘ಈ ವಾರ ಏನಾದರೂ ಹೊಸದಾಗಿ ಮಾಡಿದಿರಾ’ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಆ ಮನುಷ್ಯ ವ್ಯಾಯಾಮ ನಿಲ್ಲಿಸಿದವರು ಮತ್ತೆ ಬರಲಿಲ್ಲ. ಫೋನ್ ಮಾಡಿದರೆ ‘ಡಾಕ್ಟರೇ ಬೇಡ ಅಂದಿದ್ದಾರಲ್ಲ’ ಅಂದರು. ಅಂದಿನಿಂದ ನನ್ನ ಬಳಿ ಬರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ರಕ್ತಪರೀಕ್ಷೆಗೆ ವಾರಕ್ಕೂ ಹೆಚ್ಚು ಮುಂಚಿನಿಂದಲೇ ಭಾರ ಎತ್ತಬೇಡಿ, ನಡಿಗೆ ಸಾಕು.

ವ್ಯಾಯಾಮ ಅಂದ ಕೂಡಲೇ ನೀವು ಬರೆಯುವುದು ‘ವಾಕಿಂಗ್’. ನಡಿಗೆಯ ಮೇಲೆ ನನಗೆ ಜಗಳವಿಲ್ಲ, ಲಿವರ್‌ನ ಕೊಬ್ಬನ್ನು ಅದೂ ಕರಗಿಸುತ್ತದೆ. ಆದರೆ ನನ್ನ 58ರ ಮನುಷ್ಯ ದಿನಾ ಒಂದು ಗಂಟೆ ನಡೆದೇ ಆ ಸ್ಥಿತಿಗೆ ಬಂದಿದ್ದು. ಸಮತಟ್ಟು ದಾರಿಯಲ್ಲಿ ನಿಧಾನದ ನಡಿಗೆ ತೊಡೆಗೆ ಹೊಸದೇನನ್ನೂ ಕೇಳುವುದಿಲ್ಲ. ಸ್ನಾಯುವಿಗೆ ‘ಇಷ್ಟು ನನ್ನಿಂದ ಆಗದು’ ಅನ್ನಿಸುವಷ್ಟು ಭಾರ ಸಿಗಬೇಕು, ಆಮೇಲೆ ಕಟ್ಟಿಕೊಳ್ಳಲು ಸರಕು ಸಿಗಬೇಕು. 2011ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಫ್ಯಾಟಿ ಲಿವರ್ ಇದ್ದ, ಕೂತೇ ಕಾಲ ಕಳೆಯುವ ಜನರಿಗೆ ಎಂಟು ವಾರ ಬರಿಯ ಭಾರದ ವ್ಯಾಯಾಮ ಮಾಡಿಸಿದರು. ಅವರ ತೂಕ ಬದಲಾಗಲಿಲ್ಲ. ಲಿವರ್‌ನ ಕೊಬ್ಬು ಮೊದಲಿದ್ದುದರಲ್ಲಿ ಶೇ 13ರಷ್ಟು ಇಳಿದಿತ್ತು. ತಕ್ಕಡಿಯೊಂದನ್ನೇ ನಂಬಿದ್ದರೆ ಆ ಎಂಟು ವಾರ ದಂಡ ಎಂದು ಬರೆದುಬಿಡುತ್ತಿದ್ದರು.

‘ಈ ವಯಸ್ಸಿನಲ್ಲಿ ಭಾರ ಎತ್ತುವುದೇ’ ಅನ್ನುವವರಿಗೆ ನಾನು ಸದಾ ಹೇಳುವ ಇನ್ನೊಂದು ಸಂಗತಿ 1990ರದು. ವೃದ್ಧಾಶ್ರಮದಲ್ಲಿದ್ದ, ಸರಾಸರಿ 90 ವಯಸ್ಸಿನ, ಕೈಲಾಗದ ಹತ್ತು ಜನರಿಗೆ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಶುರು ಮಾಡಿಸಿದರು. ಪೂರೈಸಿದವರ ಕಾಲಿನ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತು. ತೊಂಬತ್ತಕ್ಕೆ ಆದದ್ದು ಐವತ್ತೆಂಟಕ್ಕೆ ಆಗದೇ?

ಹಾಗಾದರೆ ನಿಮ್ಮಿಂದ ನಾನು ಏನು ಬಯಸುತ್ತೇನೆ? ದೊಡ್ಡ ಯಂತ್ರ ಬೇಡ. ಸ್ನಾಯು ಅಳೆಯಲು ಡೆಕ್ಸಾ ಸ್ಕ್ಯಾನ್ ಬರೆಯಬೇಡಿ, ಮೊದಲ ಹಂತಕ್ಕೆ ಅದು ಅನಗತ್ಯ. ನಿಮ್ಮ ಎದುರು ರೋಗಿ ಕೂತಿರುವುದೇ ಒಂದು ಕುರ್ಚಿಯಲ್ಲಿ. ನಿಮ್ಮ ಮೇಜಿನ ಮೇಲೆ ಸ್ಟಾಪ್‌ವಾಚ್ ಇರುವ ಫೋನ್ ಇದೆ. ‘ಕೈ ಕಟ್ಟಿ ಐದು ಸಲ ಎದ್ದು ಕೂತುಕೊಳ್ಳಿ’ ಎಂದು ಹೇಳಿ, ಅವರು ಏಳುವಾಗ ಕಂಪ್ಯೂಟರ್ ಪರದೆಯನ್ನಲ್ಲ, ಅವರ ತೊಡೆಯನ್ನು ನೋಡಿ. ಒಬ್ಬ ರೋಗಿಗೆ ಸಿಗುವ ಐದು ನಿಮಿಷದಲ್ಲಿ ಇದಕ್ಕೆ ಪುರುಸೊತ್ತೆಲ್ಲಿ ಎಂದು ನೀವು ಕೇಳುತ್ತೀರಿ, ಅದು ಸುಳ್ಳಲ್ಲ. ಇದಕ್ಕೆ ಅರ್ಧ ನಿಮಿಷ ಸಾಕು. ಅದೂ ಆಗದಿದ್ದರೆ ತೂಕ ನೋಡುವ ನರ್ಸ್ ಮಾಡಿಸಿ ಬರೆದಿಡಲಿ. ಮೀನಖಂಡದ ಸುತ್ತ ಒಂದು ಟೇಪು ಹಾಕಿದರೂ ಆಗುತ್ತದೆ. ಗಂಡಸರಿಗೆ 34, ಹೆಂಗಸರಿಗೆ 33 ಸೆಂಟಿಮೀಟರ್‌ಗಿಂತ ಕಡಿಮೆ ಬಂದರೆ ಕಿವಿ ನಿಮಿರಬೇಕು.

ಚೀಟಿಯಲ್ಲಿ ‘ತೂಕ ಇಳಿಸಿ’ ಇರಲಿ, ತೂಕ ಹೆಚ್ಚಿರುವವರಿಗೆ. ಅದರ ಕೆಳಗೆ ಇನ್ನೊಂದು ಸಾಲು ಬರೆಯಿರಿ: ವಾರಕ್ಕೆ ಎರಡು ದಿನವಾದರೂ ಕಾಲು, ಬೆನ್ನು, ಕೈಗಳಿಗೆ ಭಾರದ ವ್ಯಾಯಾಮ. ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ವಯಸ್ಕರಿಗೂ ಹೇಳುತ್ತ ಬಂದಿರುವುದೇ ಅಷ್ಟು. ಪ್ರೊಟೀನ್ ಎಷ್ಟು ಎಂದು ಗ್ರಾಂ ಲೆಕ್ಕದಲ್ಲಿ ಬರೆಯಿರಿ, ಮೂತ್ರಪಿಂಡದ ಸ್ಥಿತಿ ನೋಡಿಕೊಂಡು ಹೆಚ್ಚುಕಡಿಮೆ ಮಾಡಿ. ವಯಸ್ಸಾದವರಿಗೆ ಕೆಜಿಗೆ 1ರಿಂದ 1.2 ಗ್ರಾಂ ಬೇಕೆಂಬುದು ಈಗ ಸಾಮಾನ್ಯವಾಗಿ ಒಪ್ಪಿದ ಮಾತು. ‘ಊಟ ಕಡಿಮೆ ಮಾಡಿ’ ಎಂದಷ್ಟೇ ಕೇಳಿಸಿಕೊಂಡವರು ಎಲ್ಲವನ್ನೂ ಒಂದೇ ಸಮ ಕಡಿಮೆ ಮಾಡುತ್ತಾರೆ, ಬೇಕಾದದ್ದನ್ನೂ ಸೇರಿಸಿ. ಆರು ತಿಂಗಳಿಗೆ ಸ್ಕ್ಯಾನಿಂಗ್‌ಗೆ ಕರೆದಾಗ ಕುರ್ಚಿಯ ಪರೀಕ್ಷೆಯನ್ನೂ ಮತ್ತೆ ಮಾಡಿಸಿ. ತೂಕ ಇಳಿದು ಸೆಕೆಂಡುಗಳು ಏರಿದ್ದರೆ ಟಿಕ್ ಹಾಕಬೇಡಿ.

ಆರೋಗ್ಯ ತಪಾಸಣೆಯ ಫಾರಂ ತಯಾರಿಸುವವರೂ ಇದನ್ನು ಓದುತ್ತಿದ್ದರೆ, ಎತ್ತರ, ತೂಕ, ಬಿಎಂಐ ಕಾಲಂಗಳ ಪಕ್ಕ ಇನ್ನೊಂದು ಖಾಲಿ ಚೌಕ ಬಿಡಿ. ಅದಕ್ಕೆ ಏನು ಹೆಸರಿಡುತ್ತೀರೋ ನಿಮ್ಮಿಷ್ಟ.

ನನ್ನ 58ರ ಮನುಷ್ಯ ಐದು ತಿಂಗಳು ಬಂದರು. ಮೊದಮೊದಲು ಎತ್ತರದ ಕುರ್ಚಿಯಿಂದ ಏಳುವುದು, ಆಮೇಲೆ ತಗ್ಗಿನ ಕುರ್ಚಿ, ಆಮೇಲೆ ಎರಡೂ ಕೈಯಲ್ಲಿ ನೀರು ತುಂಬಿದ ಕ್ಯಾನ್ ಹಿಡಿದು ಏಳುವುದು. ಬಿಟ್ಟಿದ್ದ ರಾತ್ರಿ ಊಟ ವಾಪಸ್ ಬಂತು. ತೂಕ 69ರಿಂದ 71 ಆದಾಗ ಗಾಬರಿಯಾಗಿ ಫೋನ್ ಮಾಡಿದ್ದರು, ಡಾಕ್ಟರು ಬೈಯುತ್ತಾರೆ ಅಂತ. ಬೈದರೆ ಈ ಫೈಲು ತೋರಿಸಿ ಅಂದೆ. ಹೋದ ತಿಂಗಳು ಮೂರನೇ ಸ್ಕ್ಯಾನಿಂಗ್ ಮಾಡಿಸಿಕೊಂಡು ಬಂದಿದ್ದರು. ಗ್ರೇಡ್ 1 ಹಾಗೇ ಇದೆ, ಏರಿಲ್ಲ. ಕುರ್ಚಿಯಲ್ಲಿ ಕೂತು, ನಾನು ಹೇಳುವ ಮುಂಚೆಯೇ ಕೈ ಕಟ್ಟಿಕೊಂಡು ಎದ್ದರು. ಐದು ಸಲಕ್ಕೆ 11 ಸೆಕೆಂಡ್. ವರದಿಯಲ್ಲಿ ಅದನ್ನು ಬರೆಯಲು ಜಾಗ ಇರಲಿಲ್ಲ. ಅಂಚಿನಲ್ಲಿ, ತೂಕದ ಪಕ್ಕ, ಪೆನ್ನಿನಲ್ಲಿ ಬರೆದು ಕಳಿಸಿದ್ದೇನೆ. ನಿಮ್ಮ ಬಳಿ ಬಂದಾಗ ನೋಡಿ.

ಇಂತಿ,
ಒಬ್ಬ ಫಿಸಿಯೋಥೆರಪಿಸ್ಟ್